ಟಿಟ್ಟಿಭದ ಪಂಚಾಂಗ

ಬೇಸಿಗೆ ಮುಗಿಯುತ್ತ ಬಂದಾಗ ಗುಜರಾತಿ ಪತ್ರಿಕೆಗಳಲ್ಲಿ ತಪ್ಪದೆ ಬರುವ ಸುದ್ದಿಯೊಂದಿದೆ: ಟಿಟೋಡಿ ಮೊಟ್ಟೆ ಇಟ್ಟಿತು. ಪಂಚತಂತ್ರದಲ್ಲಿ ಸಮುದ್ರದ ಮೇಲೆಯೇ ಜಗಳಕ್ಕೆ ನಿಂತಿತಲ್ಲ, ಅದೇ ಟಿಟ್ಟಿಭ. ಅದು ಎತ್ತರದ ಜಾಗದಲ್ಲಿ ಇಟ್ಟರೆ ಭಾರೀ ಮಳೆಯಂತೆ, ತಗ್ಗಿನಲ್ಲಾದರೆ ಕೊರತೆ. ನಾಲ್ಕು ಮೊಟ್ಟೆಯಿದ್ದರೆ ನಾಲ್ಕು ತಿಂಗಳೂ ಮಳೆ. ಚೂಪು ತುದಿ ನೆಲಕ್ಕೆ ಊರಿದ್ದರಂತೂ ರೈತನಿಗೆ ಹಬ್ಬ.

ಹಕ್ಕಿಯನ್ನು ಬಲ್ಲವರಿಗೆ ಇದನ್ನು ಓದಿ ನಗು ಬಂದೀತು. ಟಿಟ್ಟಿಭ ಸಾಮಾನ್ಯವಾಗಿ ಇಡುವುದೇ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೈತುಂಬ ಕಪ್ಪು ಚುಕ್ಕೆ, ಒಂದು ತುದಿ ಚೂಪು. ನಾಲ್ಕರ ಚೂಪೂ ನಡುವಿಗೆ ಸೇರಿದರೆ ಕಾವಿಗೆ ಕೂತ ಹಕ್ಕಿಯ ಹೊಟ್ಟೆಯಡಿ ಒತ್ತಾಗಿ ಹಿಡಿಯುತ್ತವೆ. ಬರಗಾಲದ ವರ್ಷದಲ್ಲೂ ಹಾಗೆಯೇ. ಊರು ಬೆಳೆದು ಬಯಲು ಕರಗಿದ ಕಡೆ ಅದು ತಾರಸಿಯ ಜಲ್ಲಿಯ ಮೇಲೂ ಮೊಟ್ಟೆ ಇಡುತ್ತದೆ. ಆ ಲೆಕ್ಕಕ್ಕೆ ಅಹಮದಾಬಾದಿನಲ್ಲಿ ವರ್ಷವರ್ಷವೂ ಪ್ರಳಯವಾಗಬೇಕಿತ್ತು!

ಹಾಗೆಂದು ಎಲ್ಲವನ್ನೂ ತಳ್ಳಿಹಾಕಲು ಮನಸ್ಸಾಗದು. ಹೋಳಿಯ ಜ್ವಾಲೆ ಎತ್ತ ಬಾಗಿತು, ಅಕ್ಷಯ ತದಿಗೆಯ ಬೆಳಗ್ಗೆ ಗಾಳಿ ಯಾವ ದಿಕ್ಕಿನದು, ಈ ಸಲದ ಆರಿದ್ರಾ ಮಳೆಯ ವಾಹನ ಕಪ್ಪೆಯೋ ನರಿಯೋ ಎಂದು ಗುಜರಾತಿನವರು ಕೇಳುವುದು, ಮಘೆ ಹುಬ್ಬೆ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟ ನಮಗೆ ಹೊಸದೇನಲ್ಲ. ಈ ಲಕ್ಷಣಗಳನ್ನು ನುಡಿಗಟ್ಟಾಗಿಸಿದವಳು ಭಡಲಿ ಎಂದು ಸೌರಾಷ್ಟ್ರ ನಂಬುತ್ತದೆ, ಜೋಯಿಸನ ಮಗಳಂತೆ. ಜುನಾಗಢದ ಕೃಷಿ ವಿಶ್ವವಿದ್ಯಾಲಯದಲ್ಲಿ ಇಂಥ ಲಕ್ಷಣಗಳನ್ನು ಓದುವ ಹಳ್ಳಿಗರು ಮುಂಗಾರಿಗೆ ಮುಂಚೆ ಸೇರಿ ತಮ್ಮ ತಮ್ಮ ಲೆಕ್ಕ ಒಪ್ಪಿಸುತ್ತಾರೆ.

ನನಗೆ ಹಿಡಿಸಿದ್ದು ಕಕ್ಕೆ ಮರದ ಲೆಕ್ಕ. ಹೂ ತುಂಬಿ ಅರಳಿದ ಮೇಲೆ 45 ದಿನಕ್ಕೆ ಮಳೆಗಾಲ. ಮೇ ಮೊದಲ ವಾರ ಅಹಮದಾಬಾದಿನ ರಸ್ತೆಬದಿ ಹಳದಿ ಗೊಂಚಲು ಇಳಿಬಿಟ್ಟರೆ ಲೆಕ್ಕ ಜೂನ್ ಇಪ್ಪತ್ತರ ಆಸುಪಾಸಿಗೆ ಬರುತ್ತದೆ. ಮುಂಗಾರು ಇಲ್ಲಿಗೆ ಮುಟ್ಟುವುದೂ ಹೆಚ್ಚುಕಡಿಮೆ ಆಗಲೇ. ಮರ ಬಿಸಿಲಿಗೆ ಓಗೊಡುತ್ತದೆ, ಮೊಟ್ಟೆಗೆ ಅದರ ಗೊಡವೆಯಿಲ್ಲ.

ಆದರೆ ನಗರದ ಭಯವೇ ಬೇರೆ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರದ ಬೀದಿಗೆ ಮೊಸಳೆಗಳೇ ಬಂದವು. 2006ರಲ್ಲಿ ಸೂರತ್ತನ್ನು ಮುಳುಗಿಸಿದ ನೀರು ಮೇಲಿನ ತಾಪಿ ಕಣಿವೆಯಲ್ಲಿ ಸುರಿದು ಉಕಾಯಿ ಅಣೆಕಟ್ಟಿನಿಂದ ಇಳಿದದ್ದು. ಸೂರತ್ತಿನ ಯಾವ ಹಕ್ಕಿ ಅದನ್ನು ಹೇಳಬೇಕಿತ್ತು? ಈಗ ಆ ಊರಿನವರು ಮಳೆಗಾಲದಲ್ಲಿ ನೋಡುವುದು ಉಕಾಯಿಯ ಮಟ್ಟ. 345 ಅಡಿಗೆ ಅದು ಭರ್ತಿ.