ಹೊರಡುವ ನೆಂಟರು

ನೆಂಟರು ಹೊರಟುಹೋದ ಮೇಲೆ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿ ಆ ನೆಂಟರನ್ನು ಅಳೆಯುವವಳು ನಾನು. ಈ ಅಳತೆ ಹಿಡಿದಾಗಲೆಲ್ಲ ನನಗೆ ಚೀನಾದ ಯುನ್ನಾನ್ ಪ್ರಾಂತ್ಯದ ಲಿಸು ಹಳ್ಳಿಗಳು ನೆನಪಾಗುತ್ತವೆ.

ಸಾಲ್ವಿನ್ ನದಿಯ ಆಳವಾದ ಕಣಿವೆ ಅದು. ನದಿಯ ಎರಡೂ ಕಡೆ ಕಡಿದಾದ ಬೆಟ್ಟ, ಅದರ ಇಳಿಜಾರಿನಲ್ಲೇ ಮೆಕ್ಕೆಜೋಳದ ಹೊಲ. ಆಚೆ ದಡ ಸೇರಬೇಕಾದರೆ ಹಗ್ಗಕ್ಕೆ ಜೋತುಬಿದ್ದು ಜಾರಬೇಕಿತ್ತು. ಕೆನಡಾದ ಕ್ರೈಸ್ತ ಮಿಷನರಿ ಇಸಬೆಲ್ ಕುನ್ 1934ರಲ್ಲಿ ಗಂಡ ಜಾನ್ ಜೊತೆ ಲಿಸು ಜನರ ನಡುವೆ ಬಂದು ನೆಲೆಸಿದರು. ಆಮೇಲೆ ಹೊಲದ ಕೆಲಸ ತಗ್ಗುವ ಮಳೆಗಾಲದಲ್ಲಿ ಬೈಬಲ್ ಶಾಲೆ ನಡೆಸತೊಡಗಿದರು. ಬೇಸಾಯಗಾರರ ದಿನಚರಿ ತಿಳಿದವರಿಗೆ ಮಾತ್ರ ಹೊಳೆಯುವ ಏರ್ಪಾಡು ಅದು. 1949ರಲ್ಲಿ ಸರ್ಕಾರ ಬದಲಾಯಿತು. ಮರುವರ್ಷ ಇಸಬೆಲ್ ಪುಟ್ಟ ಮಗನನ್ನು ಕರೆದುಕೊಂಡು, ಗಂಡನನ್ನು ಹಿಂದೆ ಬಿಟ್ಟು, ಹಿಮದ ಬೆಟ್ಟ ಹತ್ತಿ ಬರ್ಮಾಕ್ಕೆ ಇಳಿದರು. ಅವರು ಸೇರಿದ್ದ ಚೈನಾ ಇನ್‌ಲ್ಯಾಂಡ್ ಮಿಷನ್ನಿನ ಕೊನೆಯ ಮಿಷನರಿಗಳು ದೇಶ ಬಿಟ್ಟದ್ದು 1953ರಲ್ಲಿ. ಮತ್ತೆ ನೋಡುತ್ತೇವೋ ಇಲ್ಲವೋ ಎಂದು ತಿಳಿಯದೆ ಕೈಹಿಡಿದು ಬೀಳ್ಕೊಡುವ ಸಂಕಟ ಎರಡೂ ಕಡೆಯವರಿಗೆ ಸಮ.

ಆದರೆ ಆ ವಿದಾಯಕ್ಕೆ ಲಿಸು ಕ್ರೈಸ್ತ ಸಭೆಯನ್ನು ಅಣಿಗೊಳಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. 1908ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಬಂದ ಜೇಮ್ಸ್ ಫ್ರೇಸರ್ ಎಂಬ ಇಂಗ್ಲಿಷ್ ಎಂಜಿನಿಯರ್, ಒಳ್ಳೆಯ ಪಿಯಾನೊ ವಾದಕ, ಲಿಸು ಸಭೆಗೆ ಹೊರದೇಶದ ದುಡ್ಡು ತಾಗದಂತೆ ನೋಡಿಕೊಂಡರು. ಪ್ರಾರ್ಥನೆಗೆ ಮನೆ ಬೇಕೆ? ಊರವರೇ ಮರ ಕಡಿದು ಕಟ್ಟಬೇಕು. ಪುಸ್ತಕ ಬೇಕೆ? ಕೊಂಡೇ ಓದಬೇಕು. ಅಷ್ಟು ಬಡವರ ಮುಂದೆ ಹೀಗೆ ಕೈ ಬಿಗಿಹಿಡಿಯಲು ಫ್ರೇಸರ್ ಎಷ್ಟು ನೊಂದಿರಬೇಕು ಎಂದು ಯೋಚಿಸುತ್ತೇನೆ. ಕೊಡುವವರಿಗೆ ಕೊಡುವುದೇ ಸುಲಭ. ಆ ಸುಲಭಕ್ಕೆ ಅವರು ಮಣಿಯಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಅಪಾರ ಗೌರವ.

ಲಿಸು ನುಡಿಗೆ ಅಕ್ಷರವನ್ನು ಮಾತ್ರ ಅವರು ಧಾರಾಳವಾಗಿ ಕೊಟ್ಟರು. ಕರೆನ್ ಜನಾಂಗದ ಬಾ ಥಾ ಅವರೊಂದಿಗೆ ಸೇರಿ, ರೋಮನ್ನಿನ ದೊಡ್ಡಕ್ಷರಗಳನ್ನು ನೆಟ್ಟಗೂ ತಲೆಕೆಳಗಾಗಿಯೂ ಇಟ್ಟು ಲಿಪಿ ರೂಪಿಸಿದರು; ದನಿಯ ಏರಿಳಿತಕ್ಕೆ ಚುಕ್ಕಿ, ಅಲ್ಪವಿರಾಮಗಳೇ ಗುರುತು. ಆ ಲಿಪಿಯಲ್ಲೇ ಹೊಸ ಒಡಂಬಡಿಕೆ ಬಂತು. 1938ರಲ್ಲಿ ಫ್ರೇಸರ್ ಮಲೇರಿಯಾದಿಂದ ಬಾವೊಷಾನ್‌ನಲ್ಲಿ ತೀರಿಕೊಂಡರು.

ಹೊಸ ನಂಬಿಕೆ ಬಂದಾಗ ಲಿಸು ಜನರ ಹಳೆಯ ಆಚರಣೆಗಳಲ್ಲಿ ಕೆಲವು ಹಿಂದೆ ಸರಿದವು. ಆ ನಷ್ಟವನ್ನು ಸಣ್ಣದೆಂದು ನಾನು ಹೇಳಲಾರೆ. ಆದರೆ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಪ್ರಾರ್ಥನಾಮಂದಿರಗಳು ಮುಚ್ಚಿದಾಗ, ಪುಸ್ತಕ ಇಟ್ಟುಕೊಳ್ಳುವುದೇ ಅಪಾಯವಾದಾಗ, ಸಹಾಯಕ್ಕೆ ಬರಲು ಹೊರಗಿನವರು ಯಾರೂ ಇರಲಿಲ್ಲ. ಸಭೆಯನ್ನು ಉಳಿಸಿಕೊಂಡವರು ಆ ಬೇಸಾಯಗಾರರೇ. 1980ರ ಸುಮಾರಿಗೆ ಬಾಗಿಲುಗಳು ಮತ್ತೆ ತೆರೆದಾಗ ಹಾಡುವವರ ಸಂಖ್ಯೆ ಕುಗ್ಗಿರಲಿಲ್ಲ, ಬೆಳೆದಿತ್ತು. ಅವರ ಲಿಪಿಯನ್ನು ಚೀನಾ ಸರ್ಕಾರ 1992ರಲ್ಲಿ ಮಾನ್ಯ ಮಾಡಿತು.

ಲಿಸು ಸಭೆಯವರು ಇವತ್ತಿಗೂ ನಾಲ್ಕು ದನಿಗಳಲ್ಲಿ, ವಾದ್ಯದ ಆಸರೆಯಿಲ್ಲದೆ ಹಾಡುತ್ತಾರೆ. ಆ ಹಾಡುಗಳ ಧ್ವನಿಮುದ್ರಣ ಸಿಕ್ಕಿದರೆ ದಯವಿಟ್ಟು ಬಿಡುವು ಮಾಡಿಕೊಂಡು ಒಮ್ಮೆ ಕೇಳಿ.