ಜೀರ್ಜಿಂಬೆ ಗಾಳ

ಟ್ರೌಟ್ ಮೀನು ಹಿಡಿಯೋಕೆ ಅಮೆರಿಕದವನೊಬ್ಬ ಸುಳ್ಳು ದುಂಬಿ ಕಟ್ಟೋ ವಿಡಿಯೋ ನೋಡಿದಾಗಿನಿಂದ ತಲೇಲಿ ಹುಳ ಬಿಟ್ಟಂಗಾಗಿತ್ತು. ಗಾಳಕ್ಕೆ ನವಿಲುಗರಿಯ ಎಳೆ ಸುತ್ತಿ, ಮೇಲೆ ಕಪ್ಪು ಫೋಮ್ ಮಡಚಿ ಬಿಗಿದರೆ ಮುಗೀತು. ಆ ಎಳೆಯ ಹಸಿರು ಹೊಳಪು ಇದೆಯಲ್ಲ, ಥೇಟ್ ಜೀರ್ಜಿಂಬೆ! ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಸಾಕಿದವರಿಗೆ ಗೊತ್ತಿರುತ್ತೆ.

ಟ್ರೌಟಿಗೆ ತಣ್ಣನೆ ನೀರು ಬೇಕು. ಬ್ರಿಟಿಷರು ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟಿದ್ದು ಅದಕ್ಕೇ. ನಮ್ಮ ಕಡೂರಿನ ಬಿಸಿಲಿಗೆ ಅದು ಬದುಕಲ್ಲ ಬಿಡಿ. ಆದ್ರೆ ನಮ್ಮಲ್ಲಿ ಕೊರವ ಇದೆ. ಗಾಳಿ ಕುಡಿಯೋಕೆ ಆಗಾಗ ಮೇಲೆ ಬರೋ ಮೀನು. ಜೊಂಡಿನ ಅಂಚಲ್ಲಿ ಕಪ್ಪೆ, ಹುಳ ಏನು ಬಿದ್ರೂ ಗಬಕ್ ಅಂತ ಹಿಡಿಯುತ್ತೆ.

ಇಷ್ಟೆಲ್ಲಾ ಮಾಡಿದ್ದು ಅಜ್ಜಂಪುರದ ಮಾವನಿಗಾಗಿ. ತರೀಕೆರೆ ಕಡೆಯ ಭದ್ರಾ ನಾಲೆಯಿಂದ ಮದಗದ ಕೆರೆ ತನಕ ಗಾಳ ಹಾಕಿದ ಮನುಷ್ಯ. ಎರಡು ವರ್ಷದಿಂದ ಕೈನಡುಕ. ಎರೆಹುಳ ಚುಚ್ಚೋಕೆ ಹೋದ್ರೆ ಗಾಳ ಬೆರಳಿಗೇ ಚುಚ್ಚೋದು. ಅತ್ತೆ ಕೋಲು ಅಟ್ಟಕ್ಕೆ ಹಾಕಿಬಿಟ್ರು. ಅವತ್ತಿಂದ ಮಾವ ಟಿವಿ ಮುಂದೆ, ಅದೂ ಸೌಂಡ್ ಇಲ್ಲದೆ... ಕಟ್ಟಿದ ದುಂಬಿಗಾದ್ರೆ ಎರೆ ಚುಚ್ಚೋ ಕೆಲಸವೇ ಇಲ್ಲ.

ಫೋಮಿಗೆ ಹಳೇ ಚಪ್ಪಲಿ ಅಟ್ಟೆಯನ್ನ ಬ್ಲೇಡಲ್ಲಿ ಸೀಳಿದೆ. ಕಾಲಿಗೆ ಅತ್ತೆಯ ಹೊಲಿಗೆ ಡಬ್ಬದ ಕಪ್ಪು ದಾರ. ಬೆನ್ನಿಗೊಂದು ಹಳದಿ ಉಣ್ಣೆ ಚುಕ್ಕೆ, ಇಲ್ಲಾಂದ್ರೆ ನೀರಲ್ಲಿ ನಮಗೇ ಕಾಣಲ್ಲ. ರೀಲು ಕೊಳ್ಳಲಿಲ್ಲ. ಜಪಾನಿನ ಬೆಟ್ಟದವರು ತೆಂಕಾರ ಅಂತ ಕೋಲಿನ ತುದಿಗೇ ದಾರ ಕಟ್ಟಿ ಹಿಡೀತಾರಂತೆ. ನಮ್ಮ ಬಿದಿರುಕೋಲೂ ಅದೇ ತಾನೆ?

ಮೀನು ಗುತ್ತಿಗೆ ಹಿಡಿದವರನ್ನ ಕೇಳಿಕೊಂಡೇ ಕೆರೆಗೆ ಹೋದ್ವಿ. ಮಾವ ದುಂಬಿ ತಿರುಗಿಸಿ ನೋಡಿ, "ಮೀನಿಗೆ ಬುದ್ಧಿ ಇಲ್ಲ ಅನ್ಕಂಡಿದೀಯೇನೋ?" ಅಂದ್ರು.

ನಾನು ಅರ್ಧ ಗಂಟೆ ಹಾಕಿದೆ. ದುಂಬಿ ಸುಮ್ಮನೆ ತೇಲಿತು, ಅಷ್ಟೇ. ಕೋಲು ಮಾವನ ಕೈಗೆ ಹೋಯ್ತು. ಕೈ ನಡುಗಿದ್ದಕ್ಕೆ ಕೋಲಿನ ತುದಿ ನಡುಗಿತು, ದುಂಬಿ ಜೀವ ಇದ್ದಂಗೆ ಒದ್ದಾಡಿತು. ಜೊಂಡು ಅಲ್ಲಾಡಿದ್ದಷ್ಟೇ ನಾನು ಕಂಡಿದ್ದು, ಆಮೇಲೆ ದಪ್ ಅಂತ ಸದ್ದು. ಮೊಳದುದ್ದದ ಕೊರವ! ದಡಕ್ಕೆ ಎಳೆಯೋಕೆ ನನ್ನನ್ನ ಹತ್ತಿರ ಬಿಡಲೇ ಇಲ್ಲ. ಕೂಗಾಟ ಬೇರೆ. ಮಾವನ ಅಷ್ಟು ದೊಡ್ಡ ದನಿ ಕೇಳಿ ಎಷ್ಟು ದಿನ ಆಗಿತ್ತು.

ನಿನ್ನೆ ಬೆಂಗಳೂರಿಗೆ ಫೋನು. ಕೊರವನ ಹಲ್ಲಿಗೆ ಫೋಮ್ ಚಿಂದಿ ಆಗಿದೆಯಂತೆ, ಇನ್ನೂ ಆರು ಬೇಕಂತೆ. ತೋಟದಲ್ಲಿ ಉದುರಿದ ನವಿಲುಗರಿ ಯಾರ ಹತ್ರ ಇದ್ರೂ ಹೇಳಿ, ಬಂದು ತಗೊಂಡು ಹೋಗ್ತೀನಿ :)