ಪಾಸೋ, ಟಿಕೆಟ್ಟೋ?

ಮಂಡ್ಯದಿಂದ ಗಗನಚುಕ್ಕಿಗೆ ಹೊರಡುವ ಮಾತು ಬಂದಾಗ ಒಂಬತ್ತು ವರ್ಷದ ಮೊಮ್ಮಗಳು, "ತಾತ, ರೈಲು ಪಾಸೇ ಅಗ್ಗ ಅಲ್ವಾ?" ಎಂದಳು. ಅವಳ ಅಜ್ಜಿ, "ದುಡ್ಡು ಉಳೀಲಿ, ನೀವು ಹೋಗ್ಬನ್ನಿ" ಎಂದಳು. ನಾನು ಲೆಕ್ಕ ಬರೆದೆ.

ತಿಂಗಳ ಪಾಸು ಒಬ್ಬರ ಹೆಸರಿಗಷ್ಟೇ. ದಿನವೂ ಕೆಲಸಕ್ಕೆ ಓಡಾಡುವವರಿಗೆ ಅದು ಲಾಭ. ಒಂದು ದಿನದ ಪ್ರವಾಸಕ್ಕೆ ಮದ್ದೂರಿನವರೆಗೆ ಸಾಮಾನ್ಯ ಟಿಕೆಟ್ಟೇ ಸರಿ. 5 ತುಂಬದ ಮಕ್ಕಳಿಗೆ ಟಿಕೆಟ್ ಬೇಡ, 12 ತುಂಬದವರಿಗೆ ಅರ್ಧ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿತು. ನಮ್ಮಿಬ್ಬರಿಗೂ ಪೂರ್ತಿ ಟಿಕೆಟ್.

ಮಳವಳ್ಳಿಗೆ ರೈಲಿಲ್ಲ. ಮದ್ದೂರಿನಿಂದ ಸಾಮಾನ್ಯ ಸರ್ಕಾರಿ ಬಸ್ಸು. ಶಕ್ತಿ ಯೋಜನೆಯಲ್ಲಿ ಅಜ್ಜಿ, ಮೊಮ್ಮಗಳಿಗೆ ಉಚಿತ. ದುಡ್ಡು ಕೊಡಬೇಕಾದವನು ನಾನೊಬ್ಬನೇ! ಆಧಾರ್ ಮಾತ್ರ ಮರೆಯಬಾರದು.

ಲೆಕ್ಕ ನೋಡಿ ಅಜ್ಜಿ ಸೀರೆ ಬದಲಿಸಿದಳು. ಉಳಿದ ದುಡ್ಡಿಗೆ ಮದ್ದೂರು ವಡೆ ಬಂತು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರದ ಕಾವೇರಿಯನ್ನು ಮೂವರೂ ಒಟ್ಟಿಗೆ ನೋಡಿದೆವು.